ಡಚ್ ರಾಜಕಾರಣಿಯೊಬ್ಬರ ಜಾತಕ ಜಾಲಾಡುವುದು ಹೇಗೆ?

ನೆದರ್ಲೆಂಡ್ಸ್‌ನ ಯಾವುದಾದರೂ ರಾಜಕಾರಣಿಯ ಹೆಸರು ಹೇಳಿದರೆ ನಮ್ಮವರು ಮೊದಲು ಕೇಳುವುದು ‘ಅವರು ಯಾವ ಕ್ಷೇತ್ರದಿಂದ ಗೆದ್ದಿದ್ದು?’ ಅಂತ. ಆ ಪ್ರಶ್ನೆ ಇಲ್ಲಿ ನಡೆಯುವುದಿಲ್ಲ. 1918ರ ಚುನಾವಣೆಯಿಂದ ಈಚೆಗೆ ಇಡೀ ದೇಶವೇ ಒಂದು ಕ್ಷೇತ್ರ. ಕೆಳಮನೆಯಲ್ಲಿ, ಅಂದರೆ ಟ್ವೇಡೆ ಕಾಮರ್‌ನಲ್ಲಿ, 150 ಸೀಟು. ದೇಶದ ತುಂಬ ಪಕ್ಷಕ್ಕೆ ಎಷ್ಟು ಓಟು ಬಿತ್ತೋ ಅದರ ಅಳತೆಗೆ ಸೀಟು. ಇಂಥವರನ್ನು ಸೋಲಿಸಿದರು, ಇಷ್ಟು ಅಂತರದಿಂದ ಗೆದ್ದರು ಅನ್ನುವ ಕಥೆಯೇ ಇಲ್ಲ. ಬೇರೆ ಥರದ ಕಥೆ ಇರುತ್ತದೆ, ಅದು ಬೇರೆ ಜಾಗಗಳಲ್ಲಿ ಸಿಗುತ್ತದೆ. ಆ ಜಾಗಗಳನ್ನು ತೋರಿಸುವುದಷ್ಟೇ ಈ ಬರಹದ ಕೆಲಸ.

ನಾನಿರುವುದು ಹೇಗ್‌ನಲ್ಲಿ. ಕಸುಬು ಆಡಿಟ್. ಡಚ್ ಪೌರತ್ವ ತೆಗೆದುಕೊಂಡಿಲ್ಲ, ಹಾಗಾಗಿ ಸಂಸತ್ತಿನ ಚುನಾವಣೆಯಲ್ಲಿ ಓಟು ಹಾಕುವಂತಿಲ್ಲ. ಐದು ವರ್ಷ ವಾಸವಾದ ಮೇಲೆ ನಗರಸಭೆಗೆ ಮಾತ್ರ ಓಟು ಸಿಕ್ಕಿತು. ಓಟಿಲ್ಲದವರಿಗೆ ಒಂದು ಅನುಕೂಲ ಇದೆ. ಯಾರ ಪರವೂ ವಹಿಸಿಕೊಳ್ಳಬೇಕಾಗಿಲ್ಲ, ಸುಮ್ನೆ ಲೆಕ್ಕ ನೋಡಬಹುದು. ನನ್ನ ಕ್ರಮ ಆಡಿಟ್‌ನದೇ: ಮೊದಲು ತಾರೀಖು, ಆಮೇಲೆ ಸಂಖ್ಯೆ, ಕೊನೆಗೆ ಮಾತು. ಜಾಸ್ತಿ ಜನ ಇದನ್ನು ಉಲ್ಟಾ ಮಾಡುತ್ತಾರೆ. ರಾತ್ರಿ ಟಿವಿ ಚರ್ಚೆಯಲ್ಲಿ ಯಾರು ಚೆನ್ನಾಗಿ ಮಾತಾಡಿದರು ಅನ್ನುವುದರಿಂದ ಶುರು ಮಾಡಿ ಅಲ್ಲೇ ನಿಂತುಬಿಡುತ್ತಾರೆ.

ಯಾರನ್ನು ಆರಿಸಬೇಕು? ಮೊದಲ ಸಲ ಮಾಡುವವರು ಈಗ ಅಧಿಕಾರದಲ್ಲಿ ಇರುವವರನ್ನು ಬಿಡಿ. ಬಂದು ಹೋಗಿ ಮುಗಿದ ಬದುಕನ್ನು ಹಿಡಿಯಿರಿ. ಇಲ್ಲಿ ನಾನು ಪೀಟರ್ ಓಮ್ಟ್‌ಸಿಖ್ಟ್ ಅವರನ್ನು ಹಿಡಿಯುತ್ತೇನೆ. 2003ರಲ್ಲಿ ಒಳಗೆ ಬಂದರು, 2025ರಲ್ಲಿ ಹೊರಗೆ ಹೋದರು. ಒಂದು ದಿನವೂ ಮಂತ್ರಿ ಆಗಲಿಲ್ಲ. ಆದರೂ ಒಂದು ಸರ್ಕಾರ ಬೀಳುವುದಕ್ಕೆ ಅವರ ಕೆದಕಾಟ ಒಂದು ಕಾರಣ, ಇನ್ನೊಂದು ಸರ್ಕಾರ ನಿಂತದ್ದು ಅವರ ಪಕ್ಷದ ಬೆಂಬಲ ಇದ್ದದ್ದರಿಂದ. ವರ್ಷಗಟ್ಟಲೆ ಪ್ರಧಾನಿಯಾಗಿದ್ದ ಮಾರ್ಕ್ ರುಟ್ಟೆ ಹೊರದೇಶದವರಿಗೂ ಗೊತ್ತು. ಆದರೆ ಇಲ್ಲಿನ ಸಂಸತ್ತಿನ ಒಳಗಣ ಯಂತ್ರ ಹೇಗೆ ತಿರುಗುತ್ತದೆ ಅನ್ನುವುದು ಓಮ್ಟ್‌ಸಿಖ್ಟ್ ಅವರ ಹಾಳೆಯಲ್ಲಿ ಕಾಣುವಷ್ಟು ಚೆನ್ನಾಗಿ ರುಟ್ಟೆ ಹಾಳೆಯಲ್ಲಿ ಕಾಣುವುದಿಲ್ಲ.

ಮೊದಲು ತಾರೀಖು

ಒಂದು ಹಾಳೆ ತೆಗೆದುಕೊಂಡು ಮೂರು ಕಾಲಂ ಎಳೆಯಿರಿ. ಯಾವತ್ತಿನಿಂದ, ಯಾವತ್ತಿನ ತನಕ, ಯಾಕೆ ಬಿಟ್ಟರು. ಮೊದಲ ಎರಡು ಕಾಲಂ ತುಂಬುವುದು ಸುಲಭ. ಪಾರ್ಲಮೆಂಟ್ ಡಾಟ್ ಕಾಮ್ (parlement.com, ಡಚ್ ಕಾಗುಣಿತ) ಅನ್ನುವ ತಾಣದಲ್ಲಿ ಸಂಸದರು, ಮಂತ್ರಿಗಳು ಎಲ್ಲರ ಹುದ್ದೆಗಳೂ ದಿನದ ಲೆಕ್ಕದಲ್ಲಿ ಇವೆ. ಡಚ್ ಓದಲು ಬರದಿದ್ದರೂ ತಾರೀಖು ಓದಬಹುದಲ್ವಾ? ಮೂರನೇ ಕಾಲಂಗೆ ತಲೆ ಓಡಿಸಬೇಕು.

ಓಮ್ಟ್‌ಸಿಖ್ಟ್ ಅವರ ಮೊದಲ ಸಾಲು 2003ರ ಜೂನ್ 3ಕ್ಕೆ ಶುರುವಾಗುತ್ತದೆ. ಆ ವರ್ಷ ಚುನಾವಣೆ ನಡೆದದ್ದು ಜನವರಿಯಲ್ಲಿ. ಅಂದರೆ ನೇರವಾಗಿ ಗೆದ್ದು ಬಂದದ್ದಲ್ಲ, ನಡುವೆ ಖಾಲಿಯಾದ ಸೀಟಿಗೆ ಬಂದದ್ದು. ಪ್ರಧಾನಿ ಬಾಲ್ಕೆನೆಂಡೆ ಅವರ ಎರಡನೇ ಸರ್ಕಾರ ಪ್ರಮಾಣವಚನ ತೆಗೆದುಕೊಂಡದ್ದು ಮೇ 27ಕ್ಕೆ. ಒಂದೇ ವಾರದ ಅಂತರ. ಇಲ್ಲಿ ಮಂತ್ರಿಯಾದವರು ಸಂಸತ್ತಿನ ಸೀಟು ಬಿಡಲೇಬೇಕು, ಸಂವಿಧಾನವೇ ಹಾಗೆ ಹೇಳುತ್ತದೆ. ಬಿಟ್ಟ ಸೀಟಿಗೆ ಮರುಚುನಾವಣೆ ಇಲ್ಲ. ಪಕ್ಷದ ಪಟ್ಟಿಯಲ್ಲಿ ಮುಂದಿನ ಹೆಸರು ಯಾರದೋ ಅವರು ಬಂದು ಕೂರುತ್ತಾರೆ.

ಎರಡನೇ ಸಾಲಿನ ಹತ್ತಿರ ಒಂದು ತೂತು ಇದೆ. 2010ರ ಜೂನ್ 17ಕ್ಕೆ ಹೊರಗೆ ಹೋದವರು ಅಕ್ಟೋಬರ್ 26ಕ್ಕೆ ಮತ್ತೆ ಒಳಗೆ. ನಾಲ್ಕು ತಿಂಗಳು ಎಲ್ಲಿದ್ದರು? ಇಂಥ ತೂತು ಕಂಡರೆ ನಾನು ಬಿಡುವುದಿಲ್ಲ. ಅವರ ಪಕ್ಷ ಸಿಡಿಎ, ಕ್ರೈಸ್ತ ಪ್ರಜಾಸತ್ತಾವಾದಿಗಳದ್ದು, ಆ ಜೂನ್‌ನಲ್ಲಿ 41ರಿಂದ 21 ಸೀಟಿಗೆ ಕುಸಿಯಿತು. ಪಟ್ಟಿಯಲ್ಲಿ ಕೆಳಗಿದ್ದವರು ಹೊರಬಿದ್ದರು. ಅಕ್ಟೋಬರ್ 14ಕ್ಕೆ ಮೊದಲ ರುಟ್ಟೆ ಸರ್ಕಾರ ಬಂತು, ಸಿಡಿಎಯವರು ಕೆಲವರು ಮಂತ್ರಿಗಳಾದರು, ಸೀಟು ಖಾಲಿಯಾಯಿತು, ಇವರು ವಾಪಸ್ ಬಂದರು. ಗಮನಿಸಿ, ಎರಡು ಸಲವೂ ಬೇರೆಯವರು ಬಿಟ್ಟ ಕುರ್ಚಿಯಿಂದಲೇ ಒಳಗೆ ಬಂದದ್ದು. ಇಲ್ಲಿ ಅದು ಅವಮಾನ ಅಲ್ಲ, ದಿನನಿತ್ಯದ ವ್ಯವಹಾರ. ಆದರೆ ಪಕ್ಷದ ಒಳಗೆ ಅವರ ತೂಕ ಎಷ್ಟಿತ್ತು ಅನ್ನುವುದಕ್ಕೆ ಅದು ಒಳ್ಳೆ ಸುಳಿವು.

ತಾರೀಖು ಬರೆಯುವಾಗ ಒಂದು ಗೊಂದಲ ಆಗಬಹುದು. ಕೆಲವು ಹಾಳೆಗಳಲ್ಲಿ ಒಬ್ಬರೇ ಒಂದೇ ಸಮಯಕ್ಕೆ ಮಂತ್ರಿಯೂ ಸಂಸದರೂ ಆಗಿರುತ್ತಾರೆ. 2021ರ ಮಾರ್ಚ್ ಕೊನೆಯಿಂದ 2022ರ ಜನವರಿ ತನಕ ರುಟ್ಟೆ ಹಾಗಿದ್ದರು. ತಪ್ಪು ಬರೆದಿದ್ದಾರೆ ಅಂದುಕೊಳ್ಳಬೇಡಿ. ರಾಜೀನಾಮೆ ಕೊಟ್ಟ ಸರ್ಕಾರ ಹೊಸದು ಬರುವ ತನಕ ಉಸ್ತುವಾರಿ ನೋಡಿಕೊಳ್ಳುತ್ತದೆ. ಆ ಅವಧಿಗೆ ಮಾತ್ರ ಎರಡೂ ಕುರ್ಚಿಗೆ ಅವಕಾಶ ಇದೆ.

ಪಟ್ಟಿಯಲ್ಲಿ ಎಷ್ಟನೇ ನಂಬರ್?

ಇದು ಎಲ್ಲಕ್ಕಿಂತ ಮುಖ್ಯ. ಒಂದೇ ಒಂದು ವಿಷಯ ನೋಡುವಷ್ಟು ಸಮಯ ಇದ್ದರೆ ಇದನ್ನು ನೋಡಿ.

ಚುನಾವಣೆಗೆ ಮುಂಚೆ ಪ್ರತಿ ಪಕ್ಷವೂ ನಂಬರ್ ಹಾಕಿದ ಹೆಸರಿನ ಪಟ್ಟಿ ಕೊಡುತ್ತದೆ. ಒಂದನೇ ನಂಬರ್ ನಾಯಕರದು. ಕೊನೆಯ ನಂಬರ್ ಎಷ್ಟೋ ಸಲ ಯಾರೋ ಪ್ರಸಿದ್ಧರದು. ಅವರಿಗೆ ಸಂಸತ್ತಿಗೆ ಬರುವ ಆಸೆ ಇರುವುದಿಲ್ಲ, ಪಕ್ಷಕ್ಕೆ ನಾಲ್ಕು ಓಟು ಬರಲಿ ಅಂತ ಹೆಸರು ಕೊಟ್ಟಿರುತ್ತಾರೆ. ಮತಪತ್ರದಲ್ಲಿ ಈ ಹೆಸರುಗಳೆಲ್ಲ ಇರುತ್ತವೆ. ಅದು ದೊಡ್ಡ ಹಾಳೆ, ಮತಗಟ್ಟೆಯ ಪುಟ್ಟ ಮೇಜಿನ ಮೇಲೆ ಪೂರ್ತಿ ಬಿಚ್ಚಲಿಕ್ಕೂ ಆಗುವುದಿಲ್ಲ. ಮತದಾರರು ಕೆಂಪು ಪೆನ್ಸಿಲ್‌ನಲ್ಲಿ ಒಬ್ಬರ ಹೆಸರಿನ ಪಕ್ಕದ ವೃತ್ತಕ್ಕೆ ಬಣ್ಣ ತುಂಬಬೇಕು. ಪಕ್ಷಕ್ಕೆ ಅಂತ ಬೇರೆ ಗುರುತಿಲ್ಲ, ಯಾರಾದರೂ ಒಬ್ಬರಿಗೆ ಹಾಕಬೇಕು. ಜಾಸ್ತಿ ಜನ ಒಂದನೇ ನಂಬರ್‌ಗೆ ತುಂಬಿ ಬರುತ್ತಾರೆ. ಹೆಂಗಸರ ಸಂಖ್ಯೆ ಹೆಚ್ಚಲಿ ಅಂತ ಪಟ್ಟಿಯ ಕೆಳಗಿರುವ ಹೆಂಗಸರ ಹೆಸರು ಹುಡುಕಿ ಹಾಕುವವರೂ ಇದ್ದಾರೆ. ಅದಕ್ಕೆಂದೇ ಪ್ರಚಾರ ನಡೆಯುತ್ತದೆ.

ರಾತ್ರಿ ಎಣಿಕೆ ನೋಡಲು ಯಾರು ಬೇಕಾದರೂ ಹೋಗಬಹುದು, ಓಟಿಲ್ಲದ ನಾನೂ ಸಹ. ನಮ್ಮ ಬೀದಿಯ ಶಾಲೆಯಲ್ಲಿ ನಿಂತು ನೋಡಿದ್ದೇನೆ. ಮಡಿಸಿದ ಹಾಳೆಗಳನ್ನು ಒಂದೊಂದಾಗಿ ಬಿಚ್ಚಿ ಮೊದಲು ಪಕ್ಷವಾರು ಗುಡ್ಡೆ, ಆಮೇಲೆ ಹೆಸರುವಾರು ಗುಡ್ಡೆ. ನಡುರಾತ್ರಿ ಆಗುವ ಹೊತ್ತಿಗೆ ಅಧಿಕಾರಿಗಳ ಮುಖ ಇಷ್ಟಾಗಿರುತ್ತದೆ. ಆದರೆ ಅವರ ಆ ಶ್ರಮದಿಂದಲೇ ನಮಗೆ ಬೇಕಾದ ಸಂಖ್ಯೆ ಹುಟ್ಟುವುದು: ಒಬ್ಬೊಬ್ಬ ಅಭ್ಯರ್ಥಿಗೆ ದೇಶದ ತುಂಬ ಬಿದ್ದ ಸ್ವಂತ ಓಟು. ಚುನಾವಣಾ ಮಂಡಳಿ, ಅಂದರೆ ಕೀಸ್‌ರಾಡ್, ಇದನ್ನೆಲ್ಲ ತನ್ನ ತಾಣದಲ್ಲಿ ಹಾಕುತ್ತದೆ.

ಈಗ ಲೆಕ್ಕ. ಒಟ್ಟು ಸಿಂಧು ಓಟುಗಳನ್ನು 150ರಿಂದ ಭಾಗಿಸಿದರೆ ಒಂದು ಸೀಟಿನ ಬೆಲೆ. 2012ರಲ್ಲಿ ಅದು ಸುಮಾರು 62,800 ಓಟು. ಪಕ್ಷಕ್ಕೆ 13 ಸೀಟು ಬಂದರೆ ಸಾಮಾನ್ಯವಾಗಿ ಪಟ್ಟಿಯ 1ರಿಂದ 13ರ ತನಕ ಇರುವವರು ಒಳಗೆ. ಆದರೆ ಒಂದು ಕಿಂಡಿ ಇದೆ. ಒಂದು ಸೀಟಿನ ಬೆಲೆಯ ಕಾಲು ಭಾಗಕ್ಕಿಂತ ಜಾಸ್ತಿ ಸ್ವಂತ ಓಟು ಗಳಿಸಿದವರು, ಪಕ್ಷಕ್ಕೆ ಸೀಟು ಇರುವಷ್ಟು ಮಟ್ಟಿಗೆ, ಸಾಲು ಹಾರಿ ಮುಂದೆ ಬರುತ್ತಾರೆ. 2012ರಲ್ಲಿ ಆ ಗಡಿ ಸುಮಾರು 15,700.

ಆ ವರ್ಷ ಸಿಡಿಎ ಓಮ್ಟ್‌ಸಿಖ್ಟ್ ಅವರನ್ನು 39ನೇ ನಂಬರ್‌ನಲ್ಲಿ ಇಟ್ಟಿತು. ಪಕ್ಷಕ್ಕೆ ಬಂದದ್ದು 13 ಸೀಟು. 39 ಅಂದರೆ ಮನೆಗೆ ಹೋಗು ಅಂತಲೇ ಅರ್ಥ. ಅವರು 36,750 ಸ್ವಂತ ಓಟು ತೆಗೆದು ಒಳಗೆ ಬಂದರು. ಅವರ ಊರಿನ ಕಡೆಯ, ಪೂರ್ವದ ಟ್ವೆಂಟೆ ಪ್ರದೇಶದ, ಜನ ಕೈಬಿಡಲಿಲ್ಲ. ಮುಂದೆ ಇವರು ಪಕ್ಷದ ಮಾತು ಯಾಕೆ ಅಷ್ಟಾಗಿ ಕೇಳಲಿಲ್ಲ ಅನ್ನುವ ಪ್ರಶ್ನೆಗೆ ನನ್ನ ಮಟ್ಟಿಗೆ ಇದೇ ಉತ್ತರ. ಪಕ್ಷ ಕೊಡದ ಸೀಟನ್ನು ಜನ ಕೊಟ್ಟಿದ್ದರು. 2021ರಲ್ಲಿ ಅದೇ ಪಕ್ಷ ಅವರನ್ನು 2ನೇ ನಂಬರ್‌ಗೆ ತಂದಿತು, ಸ್ವಂತ ಓಟು 3,42,472ಕ್ಕೆ ಏರಿತ್ತು. ಹತ್ತಿರ ಹತ್ತಿರ ಐದು ಸೀಟಿನ ಬೆಲೆ. ಸಿಡಿಎಗೆ ಒಟ್ಟು ಬಂದದ್ದು 15.

ಸ್ವಂತ ಓಟೇ ಎಲ್ಲ ಅಂತ ಮಾತ್ರ ತೀರ್ಮಾನಕ್ಕೆ ಬರಬೇಡಿ. 2006ರಲ್ಲಿ ಬಲಪಂಥದ ಉದಾರವಾದಿಗಳ ವಿವಿಡಿ ಪಕ್ಷದ ನಾಯಕತ್ವಕ್ಕೆ ರುಟ್ಟೆ ಮತ್ತು ರೀಟಾ ಫೆರ್ಡೊಂಕ್ ನಡುವೆ ಪೈಪೋಟಿ ಆಯಿತು, ರುಟ್ಟೆ ಗೆದ್ದರು. ಆರು ತಿಂಗಳಿಗೆ ಬಂದ ಚುನಾವಣೆಯಲ್ಲಿ 1ನೇ ನಂಬರಿನ ರುಟ್ಟೆಗೆ 5,53,200 ಓಟು, 2ನೇ ನಂಬರಿನ ಫೆರ್ಡೊಂಕ್‌ಗೆ 6,20,555. ಜನ ತನ್ನನ್ನೇ ಬಯಸುತ್ತಿದ್ದಾರೆ ಅಂತ ಅವರು ಅಂದುಕೊಂಡದ್ದರಲ್ಲಿ ಆಶ್ಚರ್ಯ ಇಲ್ಲ. ಪಕ್ಷ ರುಟ್ಟೆಯ ಬೆನ್ನಿಗೆ ನಿಂತಿತು. 2007ರ ಸೆಪ್ಟೆಂಬರ್‌ನಲ್ಲಿ ಫೆರ್ಡೊಂಕ್ ಅವರನ್ನು ಸಂಸದೀಯ ಗುಂಪಿನಿಂದ ಹೊರಗೆ ಹಾಕಿದರು. ಅವರು ಕಟ್ಟಿದ ಹೊಸ ಪಕ್ಷಕ್ಕೆ 2010ರಲ್ಲಿ ಒಂದು ಸೀಟೂ ಬರಲಿಲ್ಲ. ಅದೇ ವರ್ಷ ರುಟ್ಟೆ ಪ್ರಧಾನಿಯಾದರು.

ವಲಸೆಯನ್ನು ವಿರೋಧಿಸುವ ಕಡುಬಲಪಂಥದ ಪಿವಿವಿ ಪಕ್ಷದವರ ಹಾಳೆ ಮಾಡುವಾಗ ಈ ಕಾಲಂ ಬೇರೆ ಥರ ಓದಬೇಕು. ಆ ಪಕ್ಷಕ್ಕೆ ಗೀರ್ಟ್ ವಿಲ್ಡರ್ಸ್ ಒಬ್ಬರೇ ಸದಸ್ಯರು. ಸದಸ್ಯರ ಸಭೆ, ಪಟ್ಟಿಯ ಮೇಲೆ ಮತದಾನ ಏನೂ ಇಲ್ಲ. ಅಲ್ಲಿ ನಂಬರ್ ಅಂದರೆ ಒಬ್ಬ ಮನುಷ್ಯನ ನಂಬಿಕೆ ಅಷ್ಟೇ.

ಅದಕ್ಕೂ ಮುಂಚೆ ಏನು ಮಾಡುತ್ತಿದ್ದರು

ಇಲ್ಲಿ ಜಾಸ್ತಿ ಹೊತ್ತು ಕಳೆಯಬೇಡಿ. ಮೂರು ದಾರಿ ಸಿಗುತ್ತವೆ. ಪಕ್ಷದ ಯುವಘಟಕದಿಂದ ಬರುವವರು: ರುಟ್ಟೆ 1988ರಿಂದ 1991ರ ತನಕ ವಿವಿಡಿಗೆ ಹತ್ತಿರದ ಯುವಸಂಘಟನೆಯ ಅಧ್ಯಕ್ಷರಾಗಿದ್ದರು, ಆಮೇಲೆ ಯುನಿಲಿವರ್‌ನಲ್ಲಿ ಸಿಬ್ಬಂದಿ ವಿಭಾಗದ ಕೆಲಸ. ನಗರಸಭೆಯಿಂದ ಬರುವವರು: ಯಾನ್ ಪೀಟರ್ ಬಾಲ್ಕೆನೆಂಡೆ ಆಮ್‌ಸ್ಟೆಲ್‌ವೇನ್ ನಗರಸಭೆಯಲ್ಲಿ 1982ರಿಂದ 1998ರ ತನಕ ಕೂತಿದ್ದವರು, ರಾಬ್ ಯೆಟ್ಟನ್ ನೈಮೇಖನ್‌ನಲ್ಲಿ. ಮೂರನೆಯದು ಹೊರಗಿನಿಂದ ನೇರವಾಗಿ ಮಂತ್ರಿ ಕುರ್ಚಿಗೆ. ಮಂತ್ರಿಯಾಗಲು ಸಂಸದರಾಗಿರಬೇಕು ಅನ್ನುವ ನಿಯಮ ಇಲ್ಲ. ಸಿಗ್ರಿಡ್ ಕಾಖ್ ವಿಶ್ವಸಂಸ್ಥೆಯಿಂದ ನೇರವಾಗಿ ಮಂತ್ರಿಯಾಗಿ ಬಂದರು. 2024ರಲ್ಲಿ ಪ್ರಧಾನಿಯಾದ ಡಿಕ್ ಸ್ಖೋಫ್ ಚುನಾವಣೆಗೇ ನಿಂತವರಲ್ಲ, ಗುಪ್ತಚರ ಇಲಾಖೆ ನಡೆಸಿದ್ದ ಅಧಿಕಾರಿ.

ಓಮ್ಟ್‌ಸಿಖ್ಟ್ ಈ ಯಾವ ದಾರಿಗೂ ಪೂರ್ತಿ ಸೇರುವುದಿಲ್ಲ. ಫ್ಲಾರೆನ್ಸ್‌ನಲ್ಲಿ ಪಿಎಚ್‌ಡಿ, ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದಲ್ಲಿ ಪಾಠ. ಲೆಕ್ಕ ಗೊತ್ತಿದ್ದ ಮನುಷ್ಯ. ಅದು ಮುಂದಿನ ಭಾಗಕ್ಕೆ ಬೇಕಾಗುತ್ತದೆ.

ಯಾವ ವಿಷಯಕ್ಕೆ ಯಾರು

ಪ್ರತಿ ಪಕ್ಷದ ಸಂಸದೀಯ ಗುಂಪಿಗೆ ಇಲ್ಲಿ ಫ್ರಾಕ್ಸಿ ಅನ್ನುತ್ತಾರೆ. ಫ್ರಾಕ್ಸಿಯ ಒಳಗೆ ವಿಷಯ ಹಂಚಿಕೊಳ್ಳುತ್ತಾರೆ. ಒಬ್ಬರಿಗೆ ಕೃಷಿ, ಒಬ್ಬರಿಗೆ ಆರೋಗ್ಯ, ಒಬ್ಬರಿಗೆ ರಕ್ಷಣೆ. ಆ ವಿಷಯದ ಮೇಲೆ ಪಕ್ಷದ ಪರವಾಗಿ ಅವರೇ ಮಾತಾಡಬೇಕು, ಬೇರೆಯವರು ತಲೆ ಹಾಕುವಂತಿಲ್ಲ. ಹಾಗಾಗಿ ಸಂಸದರಿಗೆ ಯಾವ ವಿಷಯ ಸಿಕ್ಕಿತು, ಯಾವಾಗ ಬದಲಾಯಿತು ಅನ್ನುವುದನ್ನು ನಾಲ್ಕನೇ ಕಾಲಂ ಮಾಡಿಕೊಳ್ಳಿ. ಭಾರಿ ಹಣಕಾಸಿನ ವಿಷಯದಿಂದ ಯಾವುದೋ ಮೂಲೆಯ ವಿಷಯಕ್ಕೆ ಹೋದರೆ ಒಳಗೆ ಏನೋ ನಡೆದಿದೆ ಅಂತ ತಿಳಿಯಿರಿ.

ಓಮ್ಟ್‌ಸಿಖ್ಟ್ ಕೈಗೆ ಬಂದದ್ದು ಪಿಂಚಣಿ, ತೆರಿಗೆ. ಕೇಳಿದರೆ ನಿದ್ದೆ ಬರುವ ವಿಷಯಗಳು. ಅಲ್ಲೇ ಅವರು ಮಕ್ಕಳ ಪಾಲನಾ ಭತ್ಯೆಯ ಹಗರಣಕ್ಕೆ ಕೈ ಹಾಕಿದರು. ಶಿಶುವಿಹಾರದ ಖರ್ಚಿಗೆ ಸರ್ಕಾರ ಕೊಡುವ ಭತ್ಯೆಯಲ್ಲಿ ಮೋಸ ಮಾಡಿದ್ದಾರೆ ಅಂತ ತೆರಿಗೆ ಇಲಾಖೆ ಸಾವಿರಾರು ತಂದೆತಾಯಿಯರಿಗೆ ಹಣೆಪಟ್ಟಿ ಹಚ್ಚಿ, ಹತ್ತಾರು ಸಾವಿರ ಯೂರೋ ವಾಪಸ್ ಕಟ್ಟಿ ಅಂದಿತ್ತು. ಜಾಸ್ತಿ ಜನ ಏನೂ ಮಾಡಿರಲಿಲ್ಲ. ಒಂದು ಸಹಿ ತಪ್ಪಿಹೋಗಿದ್ದರೂ ಪೂರ್ತಿ ಹಣ ವಾಪಸ್ ಕೇಳಿದ ಪ್ರಕರಣಗಳಿವೆ. ಓಮ್ಟ್‌ಸಿಖ್ಟ್, ಎಡಪಕ್ಷ ಎಸ್‌ಪಿಯ ರೆನ್ಸ್ಕೆ ಲೈಟನ್, ಟ್ರೌ ಪತ್ರಿಕೆ ಮತ್ತು ಆರ್‌ಟಿಎಲ್ ಸುದ್ದಿವಾಹಿನಿಯ ಪತ್ರಕರ್ತರು ವರ್ಷಗಟ್ಟಲೆ ಕೆದಕಿದರು. 2020ರ ಡಿಸೆಂಬರ್‌ನಲ್ಲಿ ಸಂಸತ್ತಿನ ವಿಚಾರಣಾ ಸಮಿತಿಯ ವರದಿ ಬಂತು. 2021ರ ಜನವರಿ 15ಕ್ಕೆ ಮೂರನೇ ರುಟ್ಟೆ ಸರ್ಕಾರ ರಾಜೀನಾಮೆ ಕೊಟ್ಟಿತು. ಆ ಸರ್ಕಾರದಲ್ಲಿ ಸಿಡಿಎ ಕೂಡ ಇತ್ತು. ತನ್ನದೇ ಪಕ್ಷ ಕೂತಿದ್ದ ಸರ್ಕಾರದ ಬುಡಕ್ಕೆ ಈ ಮನುಷ್ಯ ಪ್ರಶ್ನೆ ಇಟ್ಟಿದ್ದರು.

ಇದನ್ನೆಲ್ಲ ನೀವೇ ಓದಬೇಕು ಅಂದರೆ ಕೆಳಮನೆಯ ತಾಣದಲ್ಲಿ ಸಂಸದರ ಹೆಸರು ಹಾಕಿ ಲಿಖಿತ ಪ್ರಶ್ನೆಗಳನ್ನು ಹುಡುಕಿ. ಸದನದಲ್ಲಿ ಆಡಿದ ಪ್ರತಿ ಮಾತೂ ಅಕ್ಷರಶಃ ದಾಖಲಾಗುತ್ತದೆ, ಅದನ್ನು ಹಾಂಡೆಲಿಂಗನ್ ಅನ್ನುತ್ತಾರೆ. ಭಾಷೆ ಬರದಿದ್ದರೆ ಯಂತ್ರಾನುವಾದ ಸಾಕು, ಪ್ರಶ್ನೆಗಳು ಚಿಕ್ಕವು. ಉತ್ತರ ಓದುವಾಗ ಮಂತ್ರಿ ಎಷ್ಟನೇ ಪ್ರಶ್ನೆಗೆ ಉತ್ತರ ಕೊಡದೆ ಜಾರಿಕೊಂಡರು ಅಂತ ನೋಡಿ. ಅದೇ ಪ್ರಶ್ನೆ ಮುಂದಿನ ತಿಂಗಳು ಮತ್ತೆ ಬಂದಿದ್ದರೆ ಆ ಸಂಸದರು ಕೆಲಸ ಮಾಡುತ್ತಿದ್ದಾರೆ ಅಂತ ಅರ್ಥ. ಎಷ್ಟು ನಿರ್ಣಯ ಮಂಡಿಸಿದರು ಅನ್ನುವ ಎಣಿಕೆ ಪತ್ರಿಕೆಗಳಲ್ಲಿ ಬರುತ್ತದೆ, ಅದಕ್ಕೆ ನಾನು ಬೆಲೆ ಕೊಡುವುದಿಲ್ಲ. ನಿರ್ಣಯ ಬರೆಯಲು ಐದು ನಿಮಿಷ ಸಾಕು.

ನೇರವಾಗಿ ನೋಡುವ ಆಸೆ ಇದ್ದರೆ ಮಂಗಳವಾರ ನೋಡಿ. ಮಧ್ಯಾಹ್ನ ಎರಡಕ್ಕೆ ಪ್ರಶ್ನೋತ್ತರ, ಅದರ ಹಿಂದೆಯೇ ಮತದಾನ. ಹಳೆಯ ಬಿನ್ನನ್‌ಹಾಫ್ ಅರಮನೆ ದುರಸ್ತಿಯಲ್ಲಿದೆ, 2021ರಿಂದ ಕೆಳಮನೆ ಬೆಝೌಡನ್‌ಹೌಟ್ಸೆವೆಖ್ 67ರಲ್ಲಿ ಕೂರುತ್ತಿದೆ. ಮೊದಲು ವಿದೇಶಾಂಗ ಇಲಾಖೆ ಇದ್ದ ಕಟ್ಟಡ, ಹೇಗ್ ಸೆಂಟ್ರಲ್ ಸ್ಟೇಷನ್ ಪಕ್ಕದಲ್ಲೇ. ಗುರುತಿನ ಚೀಟಿ ತೋರಿಸಿ ಗ್ಯಾಲರಿಗೆ ಹೋಗಬಹುದು. ಮನೆಯಲ್ಲೇ ಕೂತು ನೋಡುವವರಿಗೆ ಡೆಬಾಟ್ ಡಿರೆಕ್ಟ್ ಅನ್ನುವ ಆ್ಯಪ್ ಇದೆ.

ಮಂಗಳವಾರದ ಮತದಾನ ನೀರಸ ಅನಿಸಬಹುದು. ಆದರೆ 2016ರ ಸೆಪ್ಟೆಂಬರ್ 13 ಕೂಡ ಮಂಗಳವಾರವೇ. ಉದಾರವಾದಿ ಡಿ66 ಪಕ್ಷದ ಪಿಯಾ ಡೈಕ್‌ಸ್ಟ್ರಾ, ಹಿಂದೆ ಟಿವಿಯಲ್ಲಿ ವಾರ್ತೆ ಓದುತ್ತಿದ್ದವರು, ಅಂಗದಾನದ ಮಸೂದೆ ತಂದಿದ್ದರು. ಬೇಡ ಅಂತ ಹೇಳದ ವಯಸ್ಕರೆಲ್ಲರನ್ನೂ ದಾನಿಗಳು ಅಂತ ನೋಂದಾಯಿಸುವ ಕಾನೂನು. 75 ಪರ, 74 ವಿರುದ್ಧ. ಪ್ರಾಣಿಗಳ ಹಕ್ಕಿಗಾಗಿ ಇರುವ ಪಕ್ಷದ ಸಂಸದ ಫ್ರಾಂಕ್ ವಾಸನ್‌ಬರ್ಖ್ ವಿರುದ್ಧ ಓಟು ಹಾಕುವವರಿದ್ದರು, ರೈಲಿನ ತೊಂದರೆಯಿಂದ ಹೊತ್ತಿಗೆ ಬಂದು ಮುಟ್ಟಲಿಲ್ಲ. ಅವರು ಬಂದಿದ್ದರೆ 75-75. ಆ ಕಾನೂನು 2020ರ ಜುಲೈ 1ಕ್ಕೆ ಜಾರಿಗೆ ಬಂತು. ಡೈಕ್‌ಸ್ಟ್ರಾ ಹಾಳೆಯಲ್ಲಿ ಈ ಸಾಲನ್ನು ದಪ್ಪಗೆ ಬರೆಯಬೇಕು. ಮಂತ್ರಿ ಆಗದೆ ಸಂಸದರೊಬ್ಬರು ಸ್ವಂತ ಮಸೂದೆಯಿಂದ ಇಡೀ ದೇಶದ ಕಾನೂನು ಬದಲಿಸುವುದು ಅಪರೂಪ.

ಸರ್ಕಾರ ಕಟ್ಟುವ ತಿಂಗಳುಗಳು

ಒಬ್ಬರ ಬದುಕು ಮೇಲೇರುವುದು, ಕೆಳಗಿಳಿಯುವುದು ಎರಡೂ ಚುನಾವಣೆಯ ದಿನಕ್ಕಿಂತ ಆಮೇಲಿನ ತಿಂಗಳುಗಳಲ್ಲೇ ಜಾಸ್ತಿ. ಇಲ್ಲಿ ಒಂದು ಪಕ್ಷಕ್ಕೆ 76 ಸೀಟು ಬಂದದ್ದೇ ಇಲ್ಲ. ಮೈತ್ರಿ ಬೇಕೇ ಬೇಕು. 2021ರ ಮಾರ್ಚ್ 17ರ ಚುನಾವಣೆಯಿಂದ ನಾಲ್ಕನೇ ರುಟ್ಟೆ ಸರ್ಕಾರ ಬರುವ ತನಕ 299 ದಿನ ಹಿಡಿಯಿತು. ಹಾಗಾಗಿ ಹಾಳೆಯಲ್ಲಿ ಈ ಅವಧಿಗಳಿಗೆ ಬೇರೆ ಬಣ್ಣ ಹಾಕಿಕೊಳ್ಳಿ.

ಆ 299 ದಿನಗಳ ಎಂಟನೇ ದಿನ, ಮಾರ್ಚ್ 25. ಮಾತುಕತೆಯ ಹೊಣೆ ಹೊತ್ತಿದ್ದ ಕಾಯ್ಸಾ ಓಲೋಂಗ್ರೆನ್‌ಗೆ ಕೊರೊನಾ ಇದೆ ಅಂತ ಗೊತ್ತಾಗಿ ಅವಸರದಲ್ಲಿ ಹೊರಗೆ ಬಂದರು. ತೋಳಿನಲ್ಲಿ ಹಿಡಿದಿದ್ದ ಟಿಪ್ಪಣಿ ಹೊರಮುಖವಾಗಿತ್ತು. ಪತ್ರಿಕಾ ಛಾಯಾಗ್ರಾಹಕರ ಚಿತ್ರದಲ್ಲಿ ಅಕ್ಷರ ಓದುವಂತಿತ್ತು: ಓಮ್ಟ್‌ಸಿಖ್ಟ್ ಅವರ ಸ್ಥಾನ, ಬೇರೆ ಕಡೆ ಹುದ್ದೆ. ಅಂದರೆ ಈ ಕಿರಿಕಿರಿಯ ಮನುಷ್ಯನನ್ನು ಬೇರೆಲ್ಲಾದರೂ ಕೂರಿಸೋಣ ಅನ್ನುವ ಮಾತು ಒಳಗೆ ನಡೆದಿದೆ. ಅವರ ಬಗ್ಗೆ ನಾನು ಮಾತಾಡಿಲ್ಲ ಅಂದಿದ್ದ ರುಟ್ಟೆ, ದಾಖಲೆ ಹೊರಬಂದ ಮೇಲೆ ನೆನಪಿರಲಿಲ್ಲ ಅಂದರು. ಏಪ್ರಿಲ್ 1ರ ಚರ್ಚೆ ನಡುರಾತ್ರಿ ದಾಟಿ ನಡೆಯಿತು. ಅವಿಶ್ವಾಸ ನಿರ್ಣಯದಿಂದ ರುಟ್ಟೆ ಪಾರಾದರು, ಖಂಡನಾ ನಿರ್ಣಯ ಮಾತ್ರ ಅವರ ಪಕ್ಷ ಬಿಟ್ಟು ಉಳಿದೆಲ್ಲರ ಬೆಂಬಲದಿಂದ ಪಾಸಾಯಿತು. ಇಷ್ಟಾದರೂ ಮುಂದಿನ ಜನವರಿಗೆ ಮತ್ತೆ ಅವರೇ ಪ್ರಧಾನಿ. ರುಟ್ಟೆ ಹಾಳೆ ಮಾಡುವವರು ಆ ಒಂಬತ್ತು ತಿಂಗಳನ್ನು ವಾರವಾರ ಓದಿ. ಆ ಮನುಷ್ಯನ ಕಸುಬುದಾರಿಕೆ ಅಲ್ಲಿದೆ.

ಜಗಳವಾಡಿ ಹೊರಟರೆ

ಇಲ್ಲಿ ಸೀಟು ಪಕ್ಷದ್ದಲ್ಲ, ವ್ಯಕ್ತಿಯದು. ಸಂವಿಧಾನದ 67ನೇ ವಿಧಿ ಸಂಸದರು ಯಾರ ಅಪ್ಪಣೆಗೂ ಕಟ್ಟುಬಿದ್ದು ಓಟು ಹಾಕಬೇಕಾಗಿಲ್ಲ ಅನ್ನುತ್ತದೆ. ಪಕ್ಷ ಬಿಟ್ಟರೂ ಕುರ್ಚಿ ಉಳಿಯುತ್ತದೆ. ಪಕ್ಷದವರು ಇದಕ್ಕೆ ಸೀಟುಗಳ್ಳತನ ಅಂತ ಬೈಯುತ್ತಾರೆ, ಕಾನೂನಿಗೆ ಅದು ಲೆಕ್ಕವಿಲ್ಲ. ವಿಲ್ಡರ್ಸ್ 2004ರ ಸೆಪ್ಟೆಂಬರ್‌ನಲ್ಲಿ ಟರ್ಕಿಯನ್ನು ಯುರೋಪ್ ಒಕ್ಕೂಟಕ್ಕೆ ಸೇರಿಸುವ ವಿಷಯಕ್ಕೆ ವಿವಿಡಿ ಬಿಟ್ಟು ಒಬ್ಬರೇ ಕೂತರು. 2006ರಲ್ಲಿ 9 ಸೀಟು, 2023ರಲ್ಲಿ 37.

ಓಮ್ಟ್‌ಸಿಖ್ಟ್ 2021ರ ಜೂನ್‌ನಲ್ಲಿ ಸಿಡಿಎ ಬಿಟ್ಟರು. ಅದಕ್ಕೆ ಮುಂಚೆಯೇ ದಣಿದು ರಜೆಯಲ್ಲಿದ್ದರು, ಸೆಪ್ಟೆಂಬರ್‌ನಲ್ಲಿ ಒಂಟಿ ಸಂಸದರಾಗಿ ವಾಪಸ್ ಬಂದರು. 2023ರ ಆಗಸ್ಟ್‌ನಲ್ಲಿ ಎನ್‌ಎಸ್‌ಸಿ ಅನ್ನುವ ಪಕ್ಷ ಕಟ್ಟಿ, ನವೆಂಬರ್ 22ರ ಚುನಾವಣೆಯಲ್ಲಿ 20 ಸೀಟು ತಂದರು. ಹೊಸ ಪಕ್ಷ ಕಟ್ಟುವುದು ಇಲ್ಲಿ ದುಬಾರಿ ಅಲ್ಲ. 11,250 ಯೂರೋ ಠೇವಣಿ, 20 ಚುನಾವಣಾ ವಿಭಾಗಗಳಿಂದ ಬೆಂಬಲದ ಸಹಿ, ವಿಭಾಗಕ್ಕೆ 30ರಂತೆ. ಕೆರಿಬಿಯನ್‌ನ ಬೊನೈರ್‌ನಲ್ಲಿ 10 ಸಾಕು. ಕಷ್ಟ ಇರುವುದು ಆಮೇಲೆ. ಒಂಟಿಯಾಗಿ ಪ್ರಶ್ನೆ ಕೇಳುವವರಿಗೂ 20 ಜನರನ್ನು ನಡೆಸುವವರಿಗೂ ಬೇಕಾದ ಗುಣ ಒಂದೇ ಅಲ್ಲ. 2024ರ ಜುಲೈ 2ಕ್ಕೆ ಪಿವಿವಿ, ವಿವಿಡಿ, ರೈತರ ಪಕ್ಷ ಬಿಬಿಬಿ ಜೊತೆ ಸೇರಿ ಸರ್ಕಾರ ಕಟ್ಟಿದಾಗ ನಾಲ್ಕೂ ನಾಯಕರು ಮಂತ್ರಿಯಾಗದೆ ಕೆಳಮನೆಯಲ್ಲೇ ಉಳಿದರು. 2025ರ ಏಪ್ರಿಲ್‌ನಲ್ಲಿ ಓಮ್ಟ್‌ಸಿಖ್ಟ್ ರಾಜಕೀಯ ಬಿಡುತ್ತೇನೆ ಅಂದರು. ಅಕ್ಟೋಬರ್ 29ರ ಚುನಾವಣೆಯಲ್ಲಿ ಎನ್‌ಎಸ್‌ಸಿಗೆ ಸೊನ್ನೆ.

20ರಿಂದ ಸೊನ್ನೆ ಎರಡೇ ವರ್ಷದಲ್ಲಿ. ಕ್ಷೇತ್ರ ಇಲ್ಲದ ದೇಶದಲ್ಲಿ ಓಟು ಹೀಗೆ ಒಟ್ಟಿಗೇ ಬಂದು ಒಟ್ಟಿಗೇ ಹೋಗಬಹುದು. ಹಿಡಿದು ನಿಲ್ಲಿಸಲು ಸ್ವಂತ ಊರು ಅನ್ನುವುದು ಇರುವುದಿಲ್ಲ. 39ನೇ ನಂಬರ್‌ನಿಂದ ಒಬ್ಬರನ್ನು ಮೇಲೆತ್ತಲು ಟ್ವೆಂಟೆ ಸಾಕಾಗಿತ್ತು, ಒಂದು ಪಕ್ಷವನ್ನು ಉಳಿಸಲು ಸಾಕಾಗಲಿಲ್ಲ.

ಬಿಟ್ಟ ಮೇಲೆ

ಕೊನೆಯ ಸಾಲು ಬರೆದ ಮೇಲೂ ಹಾಳೆ ಮುಚ್ಚಬೇಡಿ. ಸೀಟು ಹೋದ ಸಂಸದರಿಗೆ ಹೆಚ್ಚೆಂದರೆ ಮೂರು ವರ್ಷ ಎರಡು ತಿಂಗಳು ಮಧ್ಯಂತರ ಭತ್ಯೆ ಸಿಗುತ್ತದೆ, ಮೊದಲ ವರ್ಷ ಸಂಬಳದ ಶೇ. 80, ಆಮೇಲೆ ಶೇ. 70. ಆ ಹೊತ್ತಿಗೆ ಹೊಸ ಕುರ್ಚಿ ಸಿಗಬೇಕು. ಜಾಸ್ತಿ ಕಾಣುವುದು ಮೇಯರ್ ಕುರ್ಚಿ. ಇಲ್ಲಿ ಮೇಯರ್ ಹುದ್ದೆಗೆ ಚುನಾವಣೆ ಇಲ್ಲ, ನಗರಸಭೆಯ ಶಿಫಾರಸಿನ ಮೇಲೆ ರಾಜನ ಹೆಸರಿನಲ್ಲಿ ಆರು ವರ್ಷಕ್ಕೆ ನೇಮಕ. ಖ್ರೂನ್‌ಲಿಂಕ್ಸ್ ಅನ್ನುವ ಹಸಿರು-ಎಡ ಪಕ್ಷವನ್ನು ನಡೆಸಿದ್ದ ಫೆಮ್ಕೆ ಹಾಲ್ಸೆಮಾ 2018ರಲ್ಲಿ ಆಮ್‌ಸ್ಟರ್‌ಡ್ಯಾಮ್ ಮೇಯರ್ ಆದರು. ರಾಜ್ಯ ಕಾರ್ಯದರ್ಶಿ, ಅಂದರೆ ಕಿರಿಯ ಮಂತ್ರಿ ಆಗಿದ್ದ ಅಹ್ಮದ್ ಅಬೌತಾಲೆಬ್ 2009ರಿಂದ 2024ರ ತನಕ ರಾಟರ್‌ಡ್ಯಾಮ್ ಮೇಯರ್. ನನ್ನ ಕೇಳಿದರೆ ಅವರ ನಿಜವಾದ ರಾಜಕೀಯ ಬದುಕು ಶುರುವಾದದ್ದೇ ಅಲ್ಲಿ, ಹೇಗ್‌ನಲ್ಲಿ ಕಳೆದದ್ದು ಬರೀ ಪೀಠಿಕೆ. ಬ್ರಸೆಲ್ಸ್ ಇನ್ನೊಂದು ದಾರಿ. ರುಟ್ಟೆ 2024ರ ಅಕ್ಟೋಬರ್ 1ಕ್ಕೆ ನೇಟೊ ಮುಖ್ಯಸ್ಥರಾಗಿ ಹೋದದ್ದು ಅಲ್ಲಿಗೇ. ಮೇಲ್ಮನೆ ಬೇಕಿದ್ದರೆ ಬೇರೆ ಬಣ್ಣದಲ್ಲಿ ಬರೆಯಿರಿ. ಅಲ್ಲಿ 75 ಸೀಟು, ವಾರಕ್ಕೆ ಒಂದು ದಿನದ ಕೆಲಸ, ಉಳಿದ ದಿನ ತಮ್ಮ ತಮ್ಮ ಉದ್ಯೋಗ.

ಸಂಸದರು ಪಡೆದ 50 ಯೂರೋಗಿಂತ ಜಾಸ್ತಿ ಬೆಲೆಯ ಉಡುಗೊರೆ, ಬೇರೆಯವರ ಖರ್ಚಿನ ಪ್ರವಾಸ, ಹೊರಗಿನ ಹುದ್ದೆ ಎಲ್ಲಕ್ಕೂ ಕೆಳಮನೆಯಲ್ಲಿ ದಾಖಲೆ ಪುಸ್ತಕ ಇದೆ, ತಾಣದಲ್ಲೇ ತೆರೆಯುತ್ತದೆ. ಆಡಿಟ್‌ನವರಿಗೆ ಹಬ್ಬ. ಆದರೆ ತುಂಬಿ ಕೊಡುವುದು ಅವರವರೇ, ಹಾಗಾಗಿ ಅಲ್ಲಿ ಇಲ್ಲದ್ದು ನಡೆದೇ ಇಲ್ಲ ಅಂತ ಬರೆಯಬೇಡಿ.

ಎರಡನೇ ಹಾಳೆ ಯಾರದು ಅಂತ ಯೋಚನೆ ಇದ್ದರೆ ಹಾಲ್ಬೆ ಝೈಲ್‌ಸ್ಟ್ರಾ ಅವರನ್ನು ತೆಗೆದುಕೊಳ್ಳಿ. ಐದು ವರ್ಷ ವಿವಿಡಿ ಫ್ರಾಕ್ಸಿಯ ಮುಖ್ಯಸ್ಥರಾಗಿದ್ದವರು, 2017ರ ಅಕ್ಟೋಬರ್‌ನಲ್ಲಿ ವಿದೇಶಾಂಗ ಮಂತ್ರಿ. ಪುಟಿನ್ ಅವರ ತೋಟದ ಮನೆಯಲ್ಲಿ ಒಂದು ಮಾತನ್ನು ಕಿವಿಯಾರೆ ಕೇಳಿದ್ದೆ ಅಂತ ಹೇಳಿಕೊಂಡಿದ್ದು ಸುಳ್ಳು, ತಾನು ಅಲ್ಲಿ ಇರಲೇ ಇಲ್ಲ ಅಂತ ಒಪ್ಪಿಕೊಂಡು 2018ರ ಫೆಬ್ರುವರಿ 13ಕ್ಕೆ ರಾಜೀನಾಮೆ ಕೊಟ್ಟರು. ಅದೂ ಮಂಗಳವಾರ. ಅದೇ ದಿನ ಮೇಲ್ಮನೆಯಲ್ಲಿ ಡೈಕ್‌ಸ್ಟ್ರಾ ಅವರ ಅಂಗದಾನದ ಮಸೂದೆ 38-36ರಲ್ಲಿ ಪಾಸಾಯಿತು. ಇಬ್ಬರ ಹಾಳೆಯನ್ನೂ ಪಕ್ಕಪಕ್ಕ ಇಟ್ಟು, ಆ ವಾರದ ಹಾಂಡೆಲಿಂಗನ್ ತೆರೆದು ಓದಲು ಶುರು ಮಾಡಿ.